ಪತ್ನಿಯ ವೀಸಾ: ಕಾಗದಪತ್ರವೂ ಒಂದು ಅಮಾನತ್



ಪವಿತ್ರ ಕುರ್‌ಆನಿನ ಅತ್ಯಂತ ಉದ್ದನೆಯ ಆಯತ್ ಬರವಣಿಗೆಯ ಕುರಿತಾಗಿದೆ. ಅದು ಸೂರಃ ಅಲ್ ಬಕರದ 282ನೆಯ ಆಯತ್. ಸಾಲದ ವ್ಯವಹಾರವನ್ನು ಬರೆದಿಡಬೇಕು, ಬರೆಯುವವನು ನ್ಯಾಯದಿಂದ ಬರೆಯಬೇಕು, ಸಾಕ್ಷಿಗಳಿರಬೇಕು, ಮೊತ್ತ ಚಿಕ್ಕದಾಗಲಿ ದೊಡ್ಡದಾಗಲಿ ಬರೆಯಲು ಬೇಸರ ಪಡಬಾರದು ಎಂಬುದು ಅದರ ತಾತ್ಪರ್ಯ. ಹಣದ ವ್ಯವಹಾರಕ್ಕೇ ಇಷ್ಟು ಎಚ್ಚರ ಬೇಕೆಂದಾದರೆ, ಎರಡು ಜೀವಗಳನ್ನು ಸೇರಿಸುವ ನಿಕಾಹ್‌ನ ದಾಖಲೆಯ ಬಗ್ಗೆ ನಾವು ಎಷ್ಟು ಎಚ್ಚರದಿಂದಿರಬೇಕು? ಕಳೆದ ಜುಮಾದ ಖುತ್ಬಾದಲ್ಲಿ ಈ ವಿಷಯವನ್ನು ಸಂಕ್ಷಿಪ್ತವಾಗಿ ಹೇಳಿದ್ದೆವು. ನಮಾಝ್ ಮುಗಿದ ಮೇಲೆ ಹಲವರು ವಿವರ ಕೇಳಿದ್ದರಿಂದ ಇಲ್ಲಿ ಬಿಡಿಸಿ ಬರೆಯುತ್ತಿದ್ದೇವೆ.

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆಯ ಯುವಕರು ಇಂದು ದುಡಿಮೆಗಾಗಿ ದೂರದ ದೇಶಗಳಲ್ಲಿದ್ದಾರೆ. ಹೆಚ್ಚಿನವರು ಕೊಲ್ಲಿ ರಾಷ್ಟ್ರಗಳಲ್ಲಿ, ಕೆಲವರು ಅಮೆರಿಕ, ಕೆನಡಾ, ಬ್ರಿಟನ್‌ಗಳಲ್ಲಿ. ರಜೆಗೆ ಬಂದು ನಿಕಾಹ್ ಮಾಡಿಕೊಂಡು ಹೋಗುತ್ತಾರೆ. ಹುಡುಗಿ ಅತ್ತೆಮನೆಯಲ್ಲೋ ತವರಿನಲ್ಲೋ ಉಳಿಯುತ್ತಾಳೆ. ಆರು ತಿಂಗಳಲ್ಲಿ ಕರೆಸಿಕೊಳ್ಳುತ್ತೇನೆ ಎಂಬ ಮಾತು ಮೂರು ವರ್ಷಕ್ಕೆ ಹೋಗುತ್ತದೆ. ಇದಕ್ಕೆ ಎಲ್ಲ ಸಲವೂ ಸರ್ಕಾರಗಳೇ ಕಾರಣವಲ್ಲ. ಎಷ್ಟೋ ಸಲ ಒಂದು ಜನನ ಪ್ರಮಾಣಪತ್ರ, ಒಂದು ಹೆಸರಿನ ಕಾಗುಣಿತ, ನೋಂದಣಿಯಾಗದ ಒಂದು ನಿಕಾಹ್ ಅರ್ಜಿಯನ್ನು ತಡೆದು ನಿಲ್ಲಿಸಿರುತ್ತದೆ.

ಪತ್ನಿಯನ್ನು ತೂಗಾಡುವ ಸ್ಥಿತಿಯಲ್ಲಿ ಬಿಟ್ಟುಬಿಡಬಾರದೆಂದು ಸೂರಃ ಅನ್ನಿಸಾದ 129ನೆಯ ಆಯತ್ ಎಚ್ಚರಿಸುತ್ತದೆ. ಖಲೀಫಾ ಉಮರ್(ರ)ರವರು ಸೈನಿಕರನ್ನು ಪತ್ನಿಯರಿಂದ ಹೆಚ್ಚು ತಿಂಗಳು ದೂರವಿಡದಂತೆ ಅವಧಿ ಗೊತ್ತುಪಡಿಸಿದರೆಂದು ರಿವಾಯತ್‌ಗಳಲ್ಲಿದೆ. ಆದ್ದರಿಂದ ಕಾಗದ ಜೋಡಿಸುವುದನ್ನು ಬರೀ ಆಫೀಸಿನ ಕೆಲಸವೆಂದು ತಿಳಿಯಬೇಡಿ. ಅದು ಪತ್ನಿಯ ಹಕ್ಕು.

ಮೊದಲು ಹೆಸರು ಸರಿಪಡಿಸಿ

ಹಿಜರಿ 6ರಲ್ಲಿ ಹುದೈಬಿಯಾ ಒಪ್ಪಂದ ಬರೆಯುವಾಗ ಪ್ರವಾದಿ(ಸ)ರವರ ಹೆಸರಿನ ಮುಂದೆ ಬರೆದಿದ್ದ ಪದವಿಗೆ ಮಕ್ಕಾದವರು ಆಕ್ಷೇಪಿಸಿದರು. ಆಗ ಪ್ರವಾದಿ(ಸ)ರವರು ತಮ್ಮ ಹೆಸರು ಮತ್ತು ತಂದೆಯ ಹೆಸರನ್ನಷ್ಟೇ ಬರೆಸಲು ಒಪ್ಪಿದರು. ದಾಖಲೆಯಲ್ಲಿರುವ ಹೆಸರು ಎರಡೂ ಕಡೆಯವರಿಗೆ ಗುರುತು ಸಿಗುವಂತಿರಬೇಕು ಎಂಬ ಪಾಠ ಇದರಲ್ಲಿದೆ.

ನಮ್ಮ ಮನೆಗಳಲ್ಲಿ ಏನಾಗಿದೆ ನೋಡಿ. ಶಾಲೆಯ ದಾಖಲೆಯಲ್ಲಿ ‘ಮಹಮ್ಮದ’, ಆಧಾರ್‌ನಲ್ಲಿ ‘ಎಂ.ಡಿ.’, ಪಾಸ್‌ಪೋರ್ಟಿನಲ್ಲಿ ‘ಮುಹಮ್ಮದ್’. ಹುಡುಗಿಯ ಹೆಸರಿಗೆ ಒಂದು ಕಡೆ ‘ಬಿ’, ಇನ್ನೊಂದು ಕಡೆ ‘ಬೇಗಂ’, ಮತ್ತೊಂದು ಕಡೆ ‘ಬಾನು’. ಮುಲ್ಲಾ, ನದಾಫ, ಬಾಗವಾನ, ಇನಾಮದಾರ ಎಂಬ ಮನೆತನದ ಹೆಸರು ಒಂದರಲ್ಲಿದ್ದರೆ ಇನ್ನೊಂದರಲ್ಲಿ ಇಲ್ಲ. ಹುಟ್ಟಿದ ದಿನವೂ ಹಾಗೆಯೇ. ಶಾಲೆಗೆ ಸೇರಿಸುವಾಗ ಮೇಷ್ಟರು ಬರೆದುಕೊಂಡ ಜೂನ್ 1 ಒಂದು ಕಡೆ, ಆಸ್ಪತ್ರೆಯ ದಿನಾಂಕ ಇನ್ನೊಂದು ಕಡೆ.

ವೀಸಾ ಅಧಿಕಾರಿಗೆ ನಮ್ಮ ಊರಿನ ರೂಢಿ ಗೊತ್ತಿರುವುದಿಲ್ಲ. ಎರಡು ಹೆಸರು ಕಂಡರೆ ಇಬ್ಬರು ವ್ಯಕ್ತಿಗಳೆಂದು ಭಾವಿಸಬಹುದು. ಆದ್ದರಿಂದ ಎಲ್ಲ ದಾಖಲೆಗಳನ್ನು ಒಂದು ಕಡೆ ಹರಡಿ, ಹೆಸರು, ತಂದೆಯ ಹೆಸರು, ಜನ್ಮದಿನಾಂಕ, ಊರು, ಈ ನಾಲ್ಕನ್ನೂ ಒಂದು ಹಾಳೆಯಲ್ಲಿ ಬರೆದು ಹೋಲಿಸಿ. ತಿದ್ದಲು ಸಾಧ್ಯವಾದ ದಾಖಲೆಯನ್ನು ಕೊಟ್ಟ ಕಚೇರಿಯಲ್ಲೇ ತಿದ್ದಿಸಿ. ತಿದ್ದಲಾಗದ್ದಕ್ಕೆ ಎರಡೂ ಹೆಸರು ಒಬ್ಬರದೇ ಎಂದು ನೋಟರಿ ಮುಂದೆ ಅಫಿಡವಿಟ್ ಮಾಡಿಸಿ ಇಟ್ಟುಕೊಳ್ಳಿ.

ಇನ್ನೊಂದು ಮಾತು. ಮದುವೆಯಾದ ಕೂಡಲೇ ಹುಡುಗಿಯ ಹೆಸರಿನ ಮುಂದೆ ಗಂಡನ ಮನೆತನ ಸೇರಿಸಬೇಕೆಂದು ಶರೀಅತ್ ಹೇಳಿಲ್ಲ, ವೀಸಾಕ್ಕೂ ಅದು ಬೇಕಿಲ್ಲ. ತಂದೆಯ ಹೆಸರಿನೊಂದಿಗೆ ಇದ್ದ ಪಾಸ್‌ಪೋರ್ಟನ್ನು ಹಾಗೆಯೇ ಉಳಿಸಿಕೊಂಡರೆ ಅರ್ಧ ತೊಡಕು ಕಡಿಮೆಯಾಗುತ್ತದೆ.

ಜನನ ಪ್ರಮಾಣಪತ್ರ

ಜನನ ನೋಂದಣಿಯಾಗುವುದು ಮಗು ಹುಟ್ಟಿದ ಸ್ಥಳದಲ್ಲಿ, ತಂದೆಯ ಊರಿನಲ್ಲಲ್ಲ. ನಮ್ಮ ತಾಲೂಕಿನ ಎಷ್ಟೋ ಹೆಣ್ಣುಮಕ್ಕಳು ತಾಯಿಯ ತವರಾದ ಸೊಲ್ಲಾಪುರದಲ್ಲೋ ಅಕ್ಕಲಕೋಟೆಯಲ್ಲೋ ಹುಟ್ಟಿರುತ್ತಾರೆ. ಅವರು ಇಂಡಿ ಪುರಸಭೆಯಲ್ಲಿ ಎಷ್ಟು ಹುಡುಕಿಸಿದರೂ ಸಿಗುವುದಿಲ್ಲ. ಹುಟ್ಟಿದ ಊರಿನ ಕಚೇರಿಗೇ ಹೋಗಬೇಕು.

ಅಮೆರಿಕದ ವಲಸೆ ವೀಸಾಕ್ಕೆ ಆಸ್ಪತ್ರೆಯ ಚೀಟಿ, ಶಾಲೆಯ ಟಿ.ಸಿ. ಸಾಲದು, ನೋಂದಣಾಧಿಕಾರಿ ಕೊಟ್ಟ ಪ್ರಮಾಣಪತ್ರವೇ ಬೇಕು. ನೋಂದಣಿಯೇ ಆಗಿರದಿದ್ದರೆ ಎರಡು ದಾರಿಗಳಿವೆ. ಒಂದು, ದಾಖಲೆ ಇಲ್ಲವೆಂದು ಅದೇ ಕಚೇರಿಯಿಂದ ಪ್ರಮಾಣಪತ್ರ ಪಡೆದು, ಅದರ ಜೊತೆಗೆ ಶಾಲಾ ದಾಖಲೆ ಮತ್ತು ತಾಯಿ ಅಥವಾ ಹಿರಿಯ ಸಂಬಂಧಿಕರ ಅಫಿಡವಿಟ್ ಲಗತ್ತಿಸುವುದು. ಇನ್ನೊಂದು, ತಡವಾದ ನೋಂದಣಿ. 1969ರ ಜನನ ಮರಣ ನೋಂದಣಿ ಕಾಯ್ದೆಗೆ ಆದ ತಿದ್ದುಪಡಿ 2023ರ ಅಕ್ಟೋಬರ್ 1ರಿಂದ ಜಾರಿಯಲ್ಲಿದೆ. ಅದರಂತೆ ಒಂದು ವರ್ಷ ಮೀರಿದ ಜನನದ ನೋಂದಣಿಗೆ ಜಿಲ್ಲಾ ದಂಡಾಧಿಕಾರಿ, ಉಪವಿಭಾಗ ದಂಡಾಧಿಕಾರಿ ಅಥವಾ ಅವರಿಂದ ಅಧಿಕಾರ ಪಡೆದ ಕಾರ್ಯನಿರ್ವಾಹಕ ದಂಡಾಧಿಕಾರಿಯ ಆದೇಶ ಬೇಕು. ನಮ್ಮ ಭಾಗದವರು ಇಂಡಿಯ ಎ.ಸಿ. ಕಚೇರಿಯಲ್ಲಿ ವಿಚಾರಿಸಬೇಕು. ಇದಕ್ಕೆ ಸಮಯ ಹಿಡಿಯುತ್ತದೆ. ಹುಡುಗಿಗೆ ಸಂಬಂಧ ನೋಡುವಾಗಲೇ ತಂದೆ ತಾಯಿ ಇದನ್ನು ಮಾಡಿಟ್ಟರೆ ಒಳ್ಳೆಯದು.

ನಿಕಾಹ್‌ನಾಮಾ ಮತ್ತು ನೋಂದಣಿ

ಶರೀಅತ್ ಪ್ರಕಾರ ಈಜಾಬ್, ಕಬೂಲ್, ಸಾಕ್ಷಿ, ಮೆಹರ್ ಇದ್ದರೆ ನಿಕಾಹ್ ಆಯಿತು. ಆದರೆ ನಿಕಾಹ್ ಆಗಿದೆ ಎಂದು ಬೇರೆ ದೇಶದ ಸರ್ಕಾರಕ್ಕೆ ತೋರಿಸಲು ನಮ್ಮ ಸರ್ಕಾರದ ದಾಖಲೆ ಬೇಕಾಗುತ್ತದೆ. 2006ರ ಫೆಬ್ರವರಿ 14ರಂದು ಸುಪ್ರೀಂ ಕೋರ್ಟ್ ಯಾವ ಧರ್ಮದವರದಾದರೂ ಮದುವೆಯ ನೋಂದಣಿ ಕಡ್ಡಾಯವಾಗಬೇಕೆಂದು ಹೇಳಿತು. ಕರ್ನಾಟಕದಲ್ಲಿ ಇದಕ್ಕಾಗಿ 1976ರ ವಿವಾಹ ನೋಂದಣಿ ಕಾಯ್ದೆ ಇದೆ.

ಹಲವರು ವಕ್ಫ್ ಮಂಡಳಿಯ ಪ್ರಮಾಣಪತ್ರ ಹಿಡಿದುಕೊಂಡು ನಿಶ್ಚಿಂತರಾಗಿದ್ದಾರೆ. ಮುಸ್ಲಿಮರಿಗೆ ವಿವಾಹ ಪ್ರಮಾಣಪತ್ರ ಕೊಡಲು ಜಿಲ್ಲಾ ವಕ್ಫ್ ಅಧಿಕಾರಿಗಳಿಗೆ ಅಧಿಕಾರ ನೀಡಿ ರಾಜ್ಯ ಸರ್ಕಾರ 2023ರ ಆಗಸ್ಟ್ 30ರಂದು ಆದೇಶ ಹೊರಡಿಸಿತ್ತು. ಅದಕ್ಕೆ ಕರ್ನಾಟಕ ಹೈಕೋರ್ಟ್ 2024ರ ನವೆಂಬರ್‌ನಲ್ಲಿ ತಡೆ ನೀಡಿತು. ಆದ್ದರಿಂದ ಆ ಒಂದೇ ಕಾಗದವನ್ನು ನಂಬಿ ವೀಸಾಕ್ಕೆ ಹೋಗಬೇಡಿ. ನಿಕಾಹ್ ಆದ ತಿಂಗಳೊಳಗೆ, ಹುಡುಗ ಮರಳಿ ಹೋಗುವ ಮುನ್ನ, ಇಬ್ಬರೂ ಸಾಕ್ಷಿಗಳೊಂದಿಗೆ ಸಬ್ ರಿಜಿಸ್ಟ್ರಾರ್ ಕಚೇರಿಗೆ ಹೋಗಿ. ನಿಕಾಹ್‌ನಾಮಾ, ಮದುವೆಯ ಕಾರ್ಡು, ಇಬ್ಬರ ವಯಸ್ಸು ಮತ್ತು ವಿಳಾಸದ ದಾಖಲೆ, ಫೋಟೊ ಜೊತೆಗಿರಲಿ.

ಅಲ್ಲಿ ಸಹಿ ಹಾಕುವ ಮುನ್ನ ಒಂದು ಪ್ರಶ್ನೆ ಕೇಳಿ: ಇದು ಯಾವ ಕಾಯ್ದೆಯಡಿ ನೋಂದಣಿ? 1976ರ ಕಾಯ್ದೆಯಡಿ ಆದರೆ ಆಗಿರುವ ನಿಕಾಹ್ ದಾಖಲಾಗುತ್ತದೆ, ಅಷ್ಟೇ. 1954ರ ವಿಶೇಷ ವಿವಾಹ ಕಾಯ್ದೆಯಡಿ ಆದರೆ ಮೂವತ್ತು ದಿನಗಳ ನೋಟಿಸು ಇರುತ್ತದೆ, ಇಬ್ಬರಿಗೂ 21 ವರ್ಷ ತುಂಬಿರಬೇಕು. ಅದಕ್ಕಿಂತ ದೊಡ್ಡ ವಿಷಯವೆಂದರೆ ಮುಂದೆ ಅವರ ಆಸ್ತಿಯ ಹಂಚಿಕೆ ಭಾರತೀಯ ಉತ್ತರಾಧಿಕಾರ ಕಾಯ್ದೆಗೆ ಒಳಪಡುತ್ತದೆ, ಕುರ್‌ಆನ್ ಗೊತ್ತುಪಡಿಸಿದ ಪಾಲಿನ ಪ್ರಕಾರ ಆಗುವುದಿಲ್ಲ. ವೀಸಾದ ಅವಸರದಲ್ಲಿ ಇದನ್ನು ತಿಳಿಯದೆ ಸಹಿ ಹಾಕಬಾರದು.

ಇಬ್ಬರಲ್ಲಿ ಯಾರಿಗಾದರೂ ಮೊದಲೊಂದು ನಿಕಾಹ್ ಆಗಿದ್ದರೆ ಅದು ಮುಗಿದ ದಾಖಲೆಯೂ ಬೇಕು. ವಿಧವೆಯಾದರೆ ಮೊದಲ ಪತಿಯ ಮರಣ ಪ್ರಮಾಣಪತ್ರ, ಬೇರ್ಪಟ್ಟಿದ್ದರೆ ಅದರ ಕಾನೂನುಬದ್ಧ ಪತ್ರ. ಒಂದೇ ಸಲ ಮೂರು ತಲಾಖ್ ಹೇಳುವುದು 2019ರ ಕಾಯ್ದೆಯಂತೆ ಅಸಿಂಧು ಮತ್ತು ಅಪರಾಧ. ಅಂಥ ತಲಾಖ್‌ನಾಮಾ ಯಾವ ಕಚೇರಿಯಲ್ಲೂ ನಿಲ್ಲುವುದಿಲ್ಲ. ಮೊದಲ ಪತ್ನಿ ಇರುವಾಗಲೇ ಎರಡನೆಯವಳನ್ನು ಪತ್ನಿಯೆಂದು ಕರೆಸಿಕೊಳ್ಳಲು ಅಮೆರಿಕದ ಕಾನೂನು ಒಪ್ಪುವುದಿಲ್ಲ.

ಫೋನಿನಲ್ಲಿ ಅಥವಾ ವಕೀಲನನ್ನು ಕೂರಿಸಿ ಮಾಡುವ ನಿಕಾಹ್ ಬಗ್ಗೆಯೂ ಕೇಳುತ್ತಾರೆ. ಗಂಡು ಹೆಣ್ಣು ಒಂದೆಡೆ ಇಲ್ಲದೆ ಆದ ಮದುವೆಯನ್ನು, ನಂತರ ಅವರು ದಾಂಪತ್ಯ ನಡೆಸಿರದಿದ್ದರೆ, ಅಮೆರಿಕದ ವಲಸೆ ಕಾನೂನು ಮದುವೆಯೆಂದು ಎಣಿಸುವುದಿಲ್ಲ. ಹುಡುಗ ಖುದ್ದಾಗಿ ಬಂದು ನಿಕಾಹ್ ಮಾಡಿಕೊಳ್ಳುವುದೇ ಉತ್ತಮ.

ಅರ್ಜಿಯ ದಾರಿ

ಅಮೆರಿಕದ ಉದಾಹರಣೆ ತೆಗೆದುಕೊಳ್ಳೋಣ. ಅರ್ಜಿ ಆರಂಭವಾಗುವುದು ಇಲ್ಲಿಂದಲ್ಲ, ಪತಿ ಅಲ್ಲಿ ಸಲ್ಲಿಸುವ ಐ-130 ಎಂಬ ಅರ್ಜಿಯಿಂದ. ಪತಿ ಅಲ್ಲಿನ ಪೌರನಾಗಿದ್ದರೆ ಪತ್ನಿಯ ವೀಸಾಕ್ಕೆ ವಾರ್ಷಿಕ ಸಂಖ್ಯೆಯ ಮಿತಿ ಇಲ್ಲ. ಗ್ರೀನ್ ಕಾರ್ಡ್ ಮಾತ್ರ ಇದ್ದರೆ ಮಿತಿಯುಳ್ಳ ಸಾಲಿನಲ್ಲಿ ಕಾಯಬೇಕು. ತಾತ್ಕಾಲಿಕ ಕೆಲಸದ ವೀಸಾದಲ್ಲಿ ಇರುವವನು ಈ ಅರ್ಜಿ ಹಾಕಲಾರ. ಹೆಣ್ಣಿನ ಕಡೆಯವರು ಸಂಬಂಧ ಮಾತನಾಡುವಾಗಲೇ ಹುಡುಗನ ಸ್ಥಿತಿ ಯಾವುದೆಂದು ಕೇಳಿ ತಿಳಿದುಕೊಳ್ಳಬೇಕು. ಕೇಳುವುದು ಅವಮಾನವಲ್ಲ.

ಐ-130 ಮಂಜೂರಾದ ಮೇಲೆ ಕಡತ ಅಲ್ಲಿನ ರಾಷ್ಟ್ರೀಯ ವೀಸಾ ಕೇಂದ್ರಕ್ಕೆ ಹೋಗುತ್ತದೆ. ಆಗ ಡಿ.ಎಸ್.-260 ಎಂಬ ಫಾರ್ಮ್ ತುಂಬಬೇಕು. ಪತಿ ತನ್ನ ಆದಾಯ ತೋರಿಸಿ, ಪತ್ನಿಯನ್ನು ಸಾಕುವ ಹೊಣೆ ನನ್ನದೆಂದು ಐ-864 ಪತ್ರ ಕೊಡಬೇಕು. ಪತ್ನಿಯ ಕಡೆಯಿಂದ ಪಾಸ್‌ಪೋರ್ಟ್, ಜನನ ಮತ್ತು ವಿವಾಹ ಪ್ರಮಾಣಪತ್ರ, ಪಾಸ್‌ಪೋರ್ಟ್ ಕಚೇರಿಯ ಪೊಲೀಸ್ ಕ್ಲಿಯರೆನ್ಸ್ ಬೇಕು. ಆಕೆ 16 ವರ್ಷ ತುಂಬಿದ ಮೇಲೆ ಸೌದಿಯಂಥ ಬೇರೆ ದೇಶದಲ್ಲಿ ಒಂದು ವರ್ಷ ಅಥವಾ ಹೆಚ್ಚು ಇದ್ದಿದ್ದರೆ ಆ ದೇಶದ ಪೊಲೀಸ್ ಪತ್ರವನ್ನೂ ಕೇಳುತ್ತಾರೆ. ಉರ್ದು, ಕನ್ನಡ, ಮರಾಠಿಯಲ್ಲಿರುವ ದಾಖಲೆಗೆ ಇಂಗ್ಲಿಷ್ ಅನುವಾದ ಮಾಡಿಸಿ, ಅನುವಾದ ಸರಿಯಿದೆ ಎಂದು ಅನುವಾದಕನ ಸಹಿ ಹಾಕಿಸಬೇಕು. ಕೊನೆಗೆ ಗೊತ್ತುಪಡಿಸಿದ ವೈದ್ಯರಲ್ಲಿ ತಪಾಸಣೆ, ಆಮೇಲೆ ದೂತಾವಾಸದಲ್ಲಿ ಸಂದರ್ಶನ. ಭಾರತದ ವಲಸೆ ವೀಸಾ ಸಂದರ್ಶನಗಳು ಮುಖ್ಯವಾಗಿ ಮುಂಬೈನಲ್ಲಿ ನಡೆಯುತ್ತ ಬಂದಿವೆ. ಎಲ್ಲ ಅಸಲು ಪ್ರತಿಗಳನ್ನು ಜೊತೆಗೆ ಒಯ್ಯಬೇಕು.

ಪರ್ದಾ ಪಾಲಿಸುವ ಮನೆಗಳಲ್ಲಿ ಫೋಟೊದ ಚಿಂತೆ ಇರುತ್ತದೆ. ಅಮೆರಿಕದ ವೀಸಾ ಫೋಟೊದಲ್ಲಿ ಧಾರ್ಮಿಕ ಕಾರಣಕ್ಕೆ ತಲೆಯ ಮೇಲೆ ಬಟ್ಟೆ ಇರಬಹುದು, ಮುಖ ಪೂರ್ತಿ ಕಾಣಬೇಕು, ಕನ್ನಡಕ ಇರಬಾರದು. ಸಂಸಾರ ನಿಜವೆಂದು ತೋರಿಸಲು ವೇದಿಕೆಯ ಮೇಲಿನ ಫೋಟೊಗಳೇ ಬೇಕೆಂದಿಲ್ಲ. ಪತಿ ಕಳಿಸಿದ ಹಣದ ಬ್ಯಾಂಕ್ ದಾಖಲೆ, ಆತ ಬಂದು ಹೋದ ಟಿಕೆಟ್ ಮತ್ತು ಪಾಸ್‌ಪೋರ್ಟ್ ಮುದ್ರೆ, ಕರೆಗಳ ವಿವರ, ಕುಟುಂಬದೊಂದಿಗಿನ ಒಂದೆರಡು ಚಿತ್ರಗಳನ್ನು ಮೊದಲ ದಿನದಿಂದಲೇ ಕೂಡಿಡಿ.

ಕೊಲ್ಲಿ ದೇಶಗಳದು ಕಾಯಂ ವಲಸೆಯಲ್ಲ, ಕುಟುಂಬ ವೀಸಾ. ಅಲ್ಲಿಯೂ ವಿವಾಹ ಪ್ರಮಾಣಪತ್ರ ದೃಢೀಕರಣವಾಗಬೇಕು. ಸೌದಿ, ಒಮಾನ್, ಬಹ್ರೇನ್ ಅಪೋಸ್ಟಿಲ್ ಒಪ್ಪಂದದಲ್ಲಿವೆ, ಭಾರತವೂ 2005ರಿಂದ ಇದೆ. ಯು.ಎ.ಇ.ಯಂಥ ದೇಶಕ್ಕಾದರೆ ವಿದೇಶಾಂಗ ಸಚಿವಾಲಯದ ನಂತರ ಆ ದೇಶದ ದೂತಾವಾಸದ ಮುದ್ರೆಯೂ ಬೇಕಾಗುತ್ತದೆ.

ದಿನಾಂಕ ಬದಲಿಸಿ ಕೊಡಿ ಎನ್ನುವವರಿಗೆ

ಇನ್ನು ನಮ್ಮ ಹೊಣೆಯ ಮಾತು. ನಿಕಾಹ್‌ನಾಮಾದಲ್ಲಿ ಹಳೆಯ ದಿನಾಂಕ ಹಾಕಿ ಕೊಡಿ, ವಯಸ್ಸು ಒಂದು ವರ್ಷ ಹೆಚ್ಚು ಬರೆಯಿರಿ, ಬರದಿದ್ದ ಸಾಕ್ಷಿಯ ಹೆಸರು ಸೇರಿಸಿ ಎಂದು ಮಸೀದಿಗಳ ಇಮಾಮರನ್ನು ಕೇಳುವವರಿದ್ದಾರೆ. ಒಂದು ಒಳ್ಳೆಯ ಕೆಲಸಕ್ಕೆ ತಾನೇ ಎನ್ನುತ್ತಾರೆ. ಸುಳ್ಳು ಸಾಕ್ಷಿಯನ್ನು ಪ್ರವಾದಿ(ಸ)ರವರು ಮಹಾಪಾಪಗಳ ಸಾಲಿನಲ್ಲಿ ಎಣಿಸಿದ್ದಾರೆ. ನಿಕಾಹ್ ರಿಜಿಸ್ಟರ್ ನಮ್ಮ ಕೈಯಲ್ಲಿರುವ ಜಮಾತಿನ ಅಮಾನತ್. ಅದರಲ್ಲಿ ಒಂದು ಸುಳ್ಳು ಸೇರಿದರೆ ಅದರಲ್ಲಿರುವ ಎಲ್ಲ ಸತ್ಯಗಳ ಮೇಲೂ ಅನುಮಾನ ಬರುತ್ತದೆ, ನಾಳೆ ನಿಜವಾದ ದಾಖಲೆ ತಂದ ಬಡ ಹೆಣ್ಣುಮಗಳಿಗೂ ತೊಂದರೆಯಾಗುತ್ತದೆ. ಹುಡುಗನಿಗೆ 21, ಹುಡುಗಿಗೆ 18 ತುಂಬದೆ ನಿಕಾಹ್ ಮಾಡಿಸುವುದು ಕಾನೂನಿನಲ್ಲಿ ಅಪರಾಧವೂ ಹೌದು.

ಲೋಕದಲ್ಲಿಯೂ ಇದರ ಬೆಲೆ ದೊಡ್ಡದು. ಸುಳ್ಳು ದಾಖಲೆ ಕೊಟ್ಟದ್ದು ಗೊತ್ತಾದರೆ ಅಮೆರಿಕದ ಕಾನೂನು ಜೀವನಪರ್ಯಂತ ಪ್ರವೇಶ ನಿಷೇಧಿಸುತ್ತದೆ. ಮನ್ನಾ ಕೇಳಲು ಅವಕಾಶವಿದ್ದರೂ ಸಿಗುವುದು ಸುಲಭವಲ್ಲ. ಏಜೆಂಟ್ ಹಣ ತೆಗೆದುಕೊಂಡು ಹೋಗಿರುತ್ತಾನೆ, ಫಾರ್ಮಿನ ಕೆಳಗೆ ಇರುವುದು ಹುಡುಗಿಯ ಸಹಿ. ಸರ್ಕಾರದ ಶುಲ್ಕಗಳನ್ನು ಸರ್ಕಾರದ ಜಾಲತಾಣದಲ್ಲೇ ಕಟ್ಟಬಹುದು. ತುಂಬಲು ಸಹಾಯ ಪಡೆಯಿರಿ, ಆದರೆ ಓದದೆ, ಓದಿಸಿಕೊಳ್ಳದೆ ಸಹಿ ಹಾಕಬೇಡಿ.

ಕೊನೆಯದಾಗಿ, ಈ ಕಾಗದಗಳು ಯಾರ ಬಳಿ ಇರಬೇಕು? ನಿಕಾಹ್‌ನಾಮಾದ ಒಂದು ಅಸಲು ಪ್ರತಿ ಹೆಣ್ಣಿನ ಬಳಿಯೇ ಇರಬೇಕು. ಮೆಹರ್ ಎಷ್ಟು, ಕೊಟ್ಟಿದ್ದೆಷ್ಟು, ಬಾಕಿ ಎಷ್ಟು ಎಂಬುದು ಅದರಲ್ಲಿ ಸ್ಪಷ್ಟವಾಗಿರಬೇಕು. ಅವಳ ಪಾಸ್‌ಪೋರ್ಟನ್ನು ಅತ್ತೆ ಮಾವ ಬೀಗ ಹಾಕಿ ಇಟ್ಟುಕೊಳ್ಳುವುದು ಸರಿಯಲ್ಲ. ಪರದೇಶದಲ್ಲಿ ತವರು ಹತ್ತಿರವಿರುವುದಿಲ್ಲ. ಅಲ್ಲಿ ಕಷ್ಟ ಬಂದ ದಿನ ಅವಳ ಕೈಯಲ್ಲಿರುವ ಕಾಗದವೇ ಅವಳ ಸಾಕ್ಷಿ.

ಹೆಣ್ಣುಮಕ್ಕಳ ತಂದೆ ತಾಯಂದಿರು ಇಂದೇ ಕಪಾಟು ತೆರೆದು ಮಗಳ ಜನನ ಪ್ರಮಾಣಪತ್ರ ಇದೆಯೇ ನೋಡಿ. ಪರದೇಶದಲ್ಲಿರುವ ನಮ್ಮ ತಮ್ಮಂದಿರು ತಮ್ಮ ಪಾಲಿನ ಫಾರ್ಮನ್ನು ನಾಳೆಗೆ ಮುಂದೂಡದಿರಲಿ. ದೂರವಾಗಿರುವ ಎಲ್ಲ ದಂಪತಿಗಳನ್ನು ಅಲ್ಲಾಹನು ಹಲಾಲ್ ದಾರಿಯಲ್ಲಿ, ಸತ್ಯದ ದಾಖಲೆಯೊಂದಿಗೆ ಒಂದುಗೂಡಿಸಲಿ. ಆಮೀನ್.