ಗಡ್ಡ ಬಿಟ್ಟ ಹೇಂಟೆ

ಏಪ್ರಿಲ್ ಕೊನೆಯ ವಾರ, ಅಮೆರಿಕದ ಮಿಸ್ಸೂರಿ ರಾಜ್ಯದ ಓಕ್ ಕಾಡು. ಬೆಳಕು ಹರಿಯುವ ಮೊದಲೇ ಬಂದು ಮರಕ್ಕೆ ಬೆನ್ನು ಕೊಟ್ಟು ಕೂತವನ ಮೈಮೇಲೆ ಎಲೆ, ತೊಗಟೆಗಳ ಚಿತ್ತಾರದ ಬಟ್ಟೆ. ಮುಖಕ್ಕೂ ಬಲೆ. ಬಾಯೊಳಗೆ ಅಂಗುಳಕ್ಕೆ ಅಂಟಿಸಿಕೊಂಡ ಪುಟ್ಟ ಪೀಪಿ. ಅದರಿಂದ ಹೇಂಟೆಯ ಕೂಗು ಹೊರಡಿಸಿ ಹುಂಜವನ್ನು ಹತ್ತಿರಕ್ಕೆ ಕರೆಸಿಕೊಳ್ಳುವುದೇ ವಸಂತದ ಟರ್ಕಿ ಬೇಟೆಯ ವಿದ್ಯೆ. ಮೂರು ಗಂಟೆ ಕಾದ ಮೇಲೆ ಪೊದೆಯ ಮರೆಯಿಂದ ಹಕ್ಕಿಯೊಂದು ಹೊರಬರುತ್ತದೆ. ಎದೆಯಲ್ಲಿ ಕುದುರೆ ಬಾಲದ ಕೂದಲಿನಂಥ ಕುಚ್ಚು ಜೋತಾಡುತ್ತಿದೆ. ಗಡ್ಡ! ಆದರೆ ತಲೆ ಕೆಂಪಗಿಲ್ಲ, ಬೂದಿ ಮಿಶ್ರಿತ ನೀಲಿ. ನೆತ್ತಿಯ ಮೇಲೆ ಸಣ್ಣ ಸಣ್ಣ ಪುಕ್ಕ. ಬಂದದ್ದು ಹೇಂಟೆ.

ಹೊಡೆದರೆ ಕಾನೂನು ಅವನನ್ನು ಏನೂ ಕೇಳುವುದಿಲ್ಲ. ಮಿಸ್ಸೂರಿಯಲ್ಲಿ ವಸಂತದಲ್ಲಿ ಹೊಡೆಯಬಹುದಾದದ್ದು ಗಂಡು ಟರ್ಕಿ, ಇಲ್ಲವೇ ಕಣ್ಣಿಗೆ ಕಾಣುವಂತೆ ಗಡ್ಡವಿರುವ ಟರ್ಕಿ. ನ್ಯೂಯಾರ್ಕ್‌ನಲ್ಲೂ ಗಡ್ಡವೇ ಪ್ರಮಾಣ. ಅಲಬಾಮಾ, ಜಾರ್ಜಿಯಾಗಳಂಥ ಕಡೆ ಗಂಡು ಎಂದರೆ ಗಂಡೇ. ಅಲ್ಲಿ ಗಡ್ಡ ತೋರಿಸಿ ತಪ್ಪಿಸಿಕೊಳ್ಳುವಂತಿಲ್ಲ.

ಈ ಗಡ್ಡ ನಿಜಕ್ಕೂ ಕೂದಲಲ್ಲ, ರೂಪ ಬದಲಿಸಿಕೊಂಡ ಗರಿ. ಬಲಿತ ಹುಂಜಕ್ಕೆ ಎಂಟು ಹತ್ತು ಅಂಗುಲ ಬೆಳೆದು ನಿಲ್ಲುತ್ತದೆ. ಹೇಂಟೆಗಳಲ್ಲಿ ಸಾಮಾನ್ಯವಾಗಿ ಹೇಳುವ ಲೆಕ್ಕದಂತೆ ನೂರಕ್ಕೆ ಹತ್ತರಷ್ಟಕ್ಕೆ ಗಡ್ಡ ಮೂಡುತ್ತದೆ. ಅದೂ ತೆಳು, ಹೆಚ್ಚಾಗಿ ಮೋಟು. ಗಡ್ಡ ಬಂದ ಹೇಂಟೆ ಬಂಜೆ, ಅದನ್ನು ತೆಗೆದರೆ ನಷ್ಟವಿಲ್ಲ ಎಂಬ ಮಾತು ಬೇಟೆಗಾರರ ನಡುವೆ ಓಡಾಡುತ್ತದೆ. ಅದು ಸುಳ್ಳು. ಅದು ಉಳಿದವುಗಳ ಹಾಗೆಯೇ ಹತ್ತು ಹನ್ನೆರಡು ಮೊಟ್ಟೆಯಿಟ್ಟು, ನೆಲದ ಮೇಲೆ 28 ದಿನ ಕಾವು ಕೂತು, ಮರಿ ಮಾಡಿಕೊಂಡು ಓಡಾಡುತ್ತದೆ.

ಹಾಗಾದರೆ ಕಾನೂನು ಗಂಡು ಎಂದಷ್ಟೇ ಬರೆಯದೆ ಗಡ್ಡವನ್ನೇಕೆ ಎಳೆದು ತಂದಿತು? ಮಬ್ಬು ಬೆಳಕು, ದಟ್ಟ ಪೊದೆ. ಮೈಯೆಲ್ಲ ಮರೆಮಾಡಿಕೊಂಡು ಹೇಂಟೆಯಂತೆ ಕೂಗುತ್ತಿರುವ ಇನ್ನೊಬ್ಬ ಬೇಟೆಗಾರ ಹತ್ತಿರದಲ್ಲೇ ಇರಬಹುದು. ಕೂಗು ಕೇಳಿ, ಏನೋ ಅಲುಗಿದ್ದು ಕಂಡು ಕೋವಿ ಎತ್ತಿದರೆ ಎದುರಿಗಿರುವುದು ಮನುಷ್ಯನಾಗಿರಬಹುದು. ಹುಂಜದ ತಲೆಯ ಬಣ್ಣಗಳಾದ ಕೆಂಪು, ಬಿಳಿ, ನೀಲಿಗಳನ್ನು ಬೇಟೆಗೆ ಹೋಗುವವರು ಕರವಸ್ತ್ರದಲ್ಲೂ ಇಟ್ಟುಕೊಳ್ಳಬಾರದು ಎಂದು ಪಾಠ ಹೇಳುವುದು ಇದಕ್ಕೇ. ಎದೆಯ ಕುಚ್ಚು ಕಾಣಬೇಕಾದರೆ ಹಕ್ಕಿ ಪೂರ್ತಿ ಬಯಲಿಗೆ ಬರಬೇಕು. ನೋಡುವವನಿಗೂ, ಆಮೇಲೆ ಕೈಯಲ್ಲಿ ಹಿಡಿದು ಪರೀಕ್ಷಿಸುವ ಅಧಿಕಾರಿಗೂ ಅದು ಸ್ಪಷ್ಟ ಗುರುತು. ಅಂದರೆ ಆ ಪದ ಹೇಂಟೆಯನ್ನು ಹೊಡೆಯಲಿ ಎಂದು ಬಂದದ್ದಲ್ಲ. ಸುರಕ್ಷತೆಗೂ ತಪಾಸಣೆಗೂ ಅನುಕೂಲವಾಗಲಿ ಎಂದು ಹೆಣೆದ ಬಲೆಯ ಕಣ್ಣಿನಲ್ಲಿ ಗಡ್ಡದ ಹೇಂಟೆಯೂ ಸಿಕ್ಕಿಕೊಂಡಿದೆ, ಅಷ್ಟೆ.

ನಮ್ಮ ಓದುಗರಿಗೆ ಇಷ್ಟು ಹೊತ್ತಿಗೆ ಬೇರೊಂದು ಪ್ರಶ್ನೆ ಎದ್ದಿರುತ್ತದೆ: ಕೊಲ್ಲುವುದೇ ಸರಿಯೇ ಎಂದು ಕೇಳಬೇಕಾದಲ್ಲಿ ಹುಂಜವೋ ಹೇಂಟೆಯೋ ಎಂಬ ಚೌಕಾಸಿ ಯಾಕೆ? 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಬೇಟೆಯೆಂದರೆ ನಮಗೆ ಅಜ್ಜಂದಿರ ಕಥೆ, ಇಲ್ಲವೇ ಅರಣ್ಯ ಇಲಾಖೆಯ ಕೇಸು. ಅಮೆರಿಕದ ದಾರಿ ಬೇರೆ. ಕಾಡು ಕಡಿದು, ಲಂಗುಲಗಾಮಿಲ್ಲದೆ ಹೊಡೆದು ಟರ್ಕಿಯನ್ನು ಮುಗಿಸಲು ಹೊರಟಿದ್ದ ದೇಶ ಅದು. 1937ರ ಪಿಟ್ಮನ್-ರಾಬರ್ಟ್‌ಸನ್ ಕಾಯ್ದೆ ಕೋವಿ, ತೋಟೆಗಳ ಮೇಲಿನ ತೆರಿಗೆಯನ್ನು ವನ್ಯಜೀವಿಗಳಿಗೆ ಮೀಸಲಿಟ್ಟಿತು. ಸಾಕಿ ಬೆಳೆಸಿದ ಹಕ್ಕಿಗಳನ್ನು ಕಾಡಿಗೆ ಬಿಟ್ಟರೆ ಬದುಕುಳಿಯಲಿಲ್ಲ. 1951ರಲ್ಲಿ ದಕ್ಷಿಣ ಕೆರೊಲಿನಾದಲ್ಲಿ, ಸಿಡಿಮದ್ದಿನಿಂದ ಹಾರಿ ಹರಡಿಕೊಳ್ಳುವ ಬಲೆಯಿಂದ ಕಾಡುಟರ್ಕಿಗಳನ್ನೇ ಹಿಡಿದು ಬೇರೆಡೆ ಬಿಡುವ ಉಪಾಯ ಹೊಳೆಯಿತು. 1950ರ ದಶಕದ ಆರಂಭದಲ್ಲಿ ಮಿಸ್ಸೂರಿ ರಾಜ್ಯದಲ್ಲೆಲ್ಲ ಹುಡುಕಿದರೂ 2,500 ಹಕ್ಕಿ ಇರಲಿಲ್ಲ. 1960ರಲ್ಲಿ ಹದಿನಾಲ್ಕು ಕೌಂಟಿಗಳಲ್ಲಿ ಮೂರೇ ದಿನ ಬೇಟೆಗೆ ಬಿಟ್ಟಾಗ ಬಿದ್ದದ್ದು 94. ಇವತ್ತು ದೇಶದಲ್ಲಿ ಟರ್ಕಿಗಳ ಸಂಖ್ಯೆ ಲಕ್ಷಗಳ ಲೆಕ್ಕದಲ್ಲಿದೆ. ಕೊಲ್ಲುವವರ ದುಡ್ಡಿನಿಂದ ಬದುಕಿದ ಹಕ್ಕಿ ಎಂಬುದು ನುಂಗಲು ಕಷ್ಟವಾದರೂ ನಿಜ.

ಆ ಚೇತರಿಕೆಯ ಕಾಲದಲ್ಲೇ ಹೇಂಟೆಯನ್ನು ಮುಟ್ಟಬಾರದು ಎಂಬ ನಿಷ್ಠೆ ಗಟ್ಟಿಯಾಯಿತು. ಒಂದು ಹುಂಜ ಹಲವು ಹೇಂಟೆಗಳನ್ನು ಕೂಡುತ್ತದೆ. ಒಂದೆರಡು ಹುಂಜ ಹೋದರೂ ಸಂತತಿ ನಿಲ್ಲುವುದಿಲ್ಲ. ಹೇಂಟೆ ಹೋದರೆ ಆ ವರ್ಷದ ಗೂಡೇ ಹೋಯಿತು.

ಇದಕ್ಕೆ ಎದುರುವಾದವೂ ಬಡವಲ್ಲ. ಮಿಸ್ಸೂರಿಯಲ್ಲೇ ಶರತ್ಕಾಲದಲ್ಲಿ ಹುಂಜ, ಹೇಂಟೆ ಎರಡನ್ನೂ ಹೊಡೆಯಬಹುದು. ಅಕ್ಟೋಬರಿನಲ್ಲಿ ಇಲ್ಲದ ಪಾಪ ಏಪ್ರಿಲಿನಲ್ಲಿ ಎಲ್ಲಿಂದ ಬಂತು? ವಸಂತದ ಬೇಟೆಯಲ್ಲಿ ಗಡ್ಡದ ಹೇಂಟೆಗಳ ಪಾಲು ಅಲ್ಲಿ ನೂರಕ್ಕೆ ಒಂದರ ಆಸುಪಾಸು. ಅವಕ್ಕಿಂತ ಹೆಚ್ಚು ಹೇಂಟೆಗಳನ್ನು ಕಾಡುಬೆಕ್ಕು, ಕಯೋಟಿಗಳಂಥ ಪ್ರಾಣಿಗಳೇ ತಿನ್ನುತ್ತವೆ. ಲೆಕ್ಕದ ಮಟ್ಟಿಗೆ ಈ ವಾದವನ್ನು ನಾನು ಒಪ್ಪುತ್ತೇನೆ. ಆದರೆ ಅಕ್ಟೋಬರಿನ ಹೇಂಟೆ ಮುಂದಿನ ವಸಂತವನ್ನು ಕಾಣುತ್ತದೆಂಬ ಖಾತ್ರಿಯಿಲ್ಲ. ಏಪ್ರಿಲಿನದು ಚಳಿಗಾಲವನ್ನು ದಾಟಿ ಬಂದದ್ದು, ಹೊಟ್ಟೆಯಲ್ಲಿ ಮೊಟ್ಟೆ ಹೊತ್ತದ್ದು. ಹಕ್ಕಿ ಒಂದೇ ಇರಬಹುದು, ತಿಂಗಳು ಒಂದಲ್ಲ.

ನನಗೆ ಇದಕ್ಕಿಂತ ಹೆಚ್ಚು ಚುಚ್ಚುವುದು ಇನ್ನೊಂದು ಮಾತು. 'ಗಡ್ಡ ಕಂಡಿತು, ಹೊಡೆದೆ, ಹತ್ತಿರ ಹೋದ ಮೇಲೆ ಹೇಂಟೆಯೆಂದು ತಿಳಿಯಿತು' ಎನ್ನುವವರಿಗೆ ಸುಲಭವಾಗಿ ಕ್ಷಮೆ ಸಿಗುತ್ತದೆ. ಗೊತ್ತಿದ್ದೇ ಹೊಡೆದು, ಅಪರೂಪದ್ದೆಂದು ತುಂಬಿಸಿ ಗೋಡೆಗೆ ನಿಲ್ಲಿಸಿದವನಿಗೆ ಬೈಗುಳ. ಟರ್ಕಿಗೆ ಗುರಿಯಿಡುವುದಾದರೂ ಎಲ್ಲಿಗೆ? ಚರೆಗಳು ಗರಿ ದಾಟಿ ಎದೆಯೊಳಗೆ ಇಳಿಯುವ ಭರವಸೆಯಿಲ್ಲವೆಂದು ತಲೆ, ಕುತ್ತಿಗೆಗೇ ಹೊಡೆಯುತ್ತಾರೆ. ಹುಂಜವೋ ಹೇಂಟೆಯೋ ಎಂದು ಮೊದಲು ಹೇಳುವುದೂ ಆ ತಲೆಯೇ. ಗುರಿ ಇಟ್ಟ ಜಾಗವನ್ನೇ ನೋಡಲಿಲ್ಲ ಎಂದ ಹಾಗಾಯಿತು! ಗೊತ್ತಿದ್ದು ಹೊಡೆದವನು ಕೊನೆಯಪಕ್ಷ ನೋಡಿದ್ದ. ಅವನ ಆಸೆ ನನಗೆ ಹಿಡಿಸದು. ಆದರೆ ನೋಡದೆ ಕೋವಿಯ ಕುದುರೆ ಎಳೆದವನ ಪಕ್ಕದ ಮರದಡಿ ಕೂರಲು ನನಗೆ ಹೆದರಿಕೆಯಾಗುತ್ತದೆ.

ಬೇಟೆಗಾರನ ಆಟಕ್ಕೆ ಪ್ರೇಕ್ಷಕರಿಲ್ಲ, ಅವನಿಗೆ ಅವನ ಮನಸ್ಸೇ ತೀರ್ಪುಗಾರ ಎಂಬ ಅರ್ಥದಲ್ಲಿ ಅಮೆರಿಕದ ವನ್ಯಜೀವಿ ಚಿಂತಕ ಆಲ್ಡೊ ಲಿಯೊಪೋಲ್ಡ್ ಬರೆದಿದ್ದರು. ಓಕ್ ಮರದಡಿ ಕೂತವನಿಗೂ ಅಷ್ಟೇ, ಯಾರೂ ನೋಡುತ್ತಿಲ್ಲ. ಒಂಬತ್ತೂವರೆ ಹೊತ್ತಿಗೆ ಹೇಂಟೆಗಳು ಹುಂಜದ ಸಂಗ ಬಿಟ್ಟು ಒಂದೊಂದೇ ಗೂಡಿನ ಕಡೆಗೆ ಸರಿಯುತ್ತವೆ. ಈ ಗಡ್ಡದವಳೂ ಎರಡು ಹೆಜ್ಜೆ ಇಟ್ಟು, ಕತ್ತು ಹೊರಳಿಸಿ, ಒಣಗಿಬಿದ್ದ ಕೊಂಬೆಯಾಚೆ ಮರೆಯಾಗುತ್ತಾಳೆ. ಒಂಟಿಯಾದ ಹುಂಜಗಳು ಕೂಗಿಗೆ ಓಗೊಡುವುದು ಇನ್ನು ಮೇಲೆಯೇ. ಅವನು ಪೀಪಿಯನ್ನು ನಾಲಿಗೆಯಿಂದ ಸರಿಮಾಡಿಕೊಳ್ಳುತ್ತಾನೆ.