ಕೇಬಲ್ ಕಿತ್ತುಹಾಕುವ ಮುನ್ನ: ನಂಬಿಕೆ ಎಷ್ಟು, ನಿಜ ಎಷ್ಟು?

ಸಂಜೆಯ ಧಾರಾವಾಹಿಗೆ ಕೇಬಲ್, ರಾತ್ರಿಯ ಸಿನಿಮಾಕ್ಕೆ ಓಟಿಟಿ. ಈಗ ಎಷ್ಟೋ ಮನೆಗಳಲ್ಲಿ ಎರಡೂ ಇವೆ, ಎರಡರ ಬಿಲ್ಲೂ ಬರುತ್ತದೆ. ಒಂದನ್ನು ಬಿಡೋಣ ಎಂಬ ಮಾತು ಬಂದಾಗ ಕೇಳಿಬರುವ ನಾಲ್ಕು ತಪ್ಪು ಕಲ್ಪನೆಗಳು ಇಲ್ಲಿವೆ.

ತಪ್ಪು ಕಲ್ಪನೆ: ಕೇಬಲ್, ಡಿಟಿಎಚ್ ಬಿಟ್ಟವರೆಲ್ಲ ಓಟಿಟಿಗೆ ಹೋಗಿದ್ದಾರೆ.

ಸತ್ಯ: ಇಳಿಕೆಯಂತೂ ಆಗಿದೆ. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರದ (ಟ್ರಾಯ್) ಲೆಕ್ಕದಲ್ಲಿ 2020ರ ಕೊನೆಗೆ ಸುಮಾರು 7 ಕೋಟಿಯಷ್ಟಿದ್ದ ಡಿಟಿಎಚ್ ಚಂದಾದಾರರು 2025ರ ಮಾರ್ಚ್ ಹೊತ್ತಿಗೆ 5.7 ಕೋಟಿಯ ಆಸುಪಾಸಿಗೆ ಬಂದರು. ಆದರೆ ಹೀಗೆ ಬಿಟ್ಟವರಲ್ಲಿ ಡಿಡಿ ಫ್ರೀ ಡಿಶ್ ಹಾಕಿಸಿಕೊಂಡವರೂ ಇದ್ದಾರೆ. 2004ರಲ್ಲಿ ಶುರುವಾದ ಈ ಸರ್ಕಾರಿ ಸೇವೆಗೆ ಡಿಶ್ ಮತ್ತು ಬಾಕ್ಸ್ ಒಮ್ಮೆ ಕೊಂಡರೆ ಸಾಕು. ತಿಂಗಳ ಶುಲ್ಕವಿಲ್ಲ, ಇಂಟರ್ನೆಟ್ಟೂ ಬೇಡ.

ತಪ್ಪು ಕಲ್ಪನೆ: ಓಟಿಟಿ ಯಾವಾಗಲೂ ಅಗ್ಗ.

ಸತ್ಯ: ಆ್ಯಪ್‌ನ ಚಂದಾ ಜೊತೆಗೆ ಬ್ರಾಡ್‌ಬ್ಯಾಂಡ್ ಬಿಲ್ಲನ್ನೂ ಲೆಕ್ಕಕ್ಕೆ ಸೇರಿಸಬೇಕು. ಎಚ್‌ಡಿಯಲ್ಲಿ ಗಂಟೆಗೆ 3 ಜಿಬಿವರೆಗೂ ಡೇಟಾ ಖರ್ಚಾಗುತ್ತದೆ. ದಿನಕ್ಕೆ 2 ಜಿಬಿಯ ಮೊಬೈಲ್ ಪ್ಯಾಕನ್ನು ಹಾಟ್‌ಸ್ಪಾಟ್ ಮಾಡಿ ಟಿವಿಗೆ ಕೊಟ್ಟರೆ ಸಿನಿಮಾದ ಇಂಟರ್‌ವಲ್‌ಗೆ ಮೊದಲೇ ಮುಗಿದುಹೋಗಬಹುದು. ಇತ್ತ ಕೇಬಲ್ ಬಿಲ್ಲನ್ನೂ ಇಳಿಸಿಕೊಳ್ಳಲು ದಾರಿಯಿದೆ. 2019ರಲ್ಲಿ ಜಾರಿಗೆ ಬಂದ ಟ್ರಾಯ್ ನಿಯಮದಂತೆ ಪೇ ಚಾನೆಲ್‌ಗಳನ್ನು ಬಿಡಿಬಿಡಿಯಾಗಿ ಆರಿಸಿಕೊಳ್ಳುವ ಹಕ್ಕು ನಮಗಿದೆ. ಆಪರೇಟರ್ ಹೇಳಿದ ಪ್ಯಾಕನ್ನೇ ತೆಗೆದುಕೊಳ್ಳಬೇಕೆಂದೇನೂ ಇಲ್ಲ.

ತಪ್ಪು ಕಲ್ಪನೆ: ಆ್ಯಪ್‌ನಲ್ಲಿ ಕ್ರಿಕೆಟ್ ತಡವಾಗಿ ಬರುವುದು ನಮ್ಮ ಇಂಟರ್ನೆಟ್ ನಿಧಾನವಾದ್ದರಿಂದ.

ಸತ್ಯ: ತಡಕ್ಕೆ ಮುಖ್ಯ ಕಾರಣ ಸ್ಟ್ರೀಮಿಂಗ್ ನಡೆಯುವ ರೀತಿ. ನೇರಪ್ರಸಾರವನ್ನು ಕೆಲವೇ ಸೆಕೆಂಡುಗಳ ತುಣುಕುಗಳಾಗಿ ಕತ್ತರಿಸಿ, ಪ್ರತಿ ತುಣುಕನ್ನೂ ಬೇರೆ ಬೇರೆ ಗುಣಮಟ್ಟದಲ್ಲಿ ಸಿದ್ಧಮಾಡಿ, ಊರೂರಿನ ಸರ್ವರ್‌ಗಳಿಗೆ ಕಳಿಸುತ್ತಾರೆ. ನಿಮ್ಮ ಟಿವಿ ಒಂದಷ್ಟು ತುಣುಕುಗಳನ್ನು ಕೂಡಿಟ್ಟುಕೊಂಡ ಮೇಲಷ್ಟೇ ತೋರಿಸಲು ತೊಡಗುತ್ತದೆ. ಹೀಗಾಗಿ ಕೇಬಲ್ ಇರುವ ಪಕ್ಕದ ಮನೆಯಲ್ಲಿ ಸಿಕ್ಸರ್‌ಗೆ ಕೇಕೆ ಎದ್ದಾಗ ನಿಮ್ಮ ಪರದೆಯಲ್ಲಿ ಬೌಲರ್ ಇನ್ನೂ ಓಡಿಬರುತ್ತಿರುತ್ತಾನೆ. ದುಬಾರಿ ಪ್ಲ್ಯಾನ್ ಹಾಕಿಸಿದರೆ ಚಿತ್ರ ಸ್ಪಷ್ಟವಾಗಬಹುದು, ಈ ಅಂತರ ಪೂರ್ತಿ ಹೋಗದು.

ತಪ್ಪು ಕಲ್ಪನೆ: ಓಟಿಟಿಗೆ ಸೆನ್ಸಾರ್ ಇಲ್ಲ, ಹಾಗಾಗಿ ಯಾವ ನಿಯಮವೂ ಇಲ್ಲ.

ಸತ್ಯ: ಸೆನ್ಸಾರ್ ಮಂಡಳಿಯ ಪ್ರಮಾಣಪತ್ರ ಬೇಕಿಲ್ಲ, ನಿಜ. ಆದರೆ 2021ರ ಐಟಿ ನಿಯಮಗಳ ಪ್ರಕಾರ ಕಾರ್ಯಕ್ರಮಗಳಿಗೆ ಯು, ಯು/ಎ 7+, 13+, 16+, ಎ ಎಂದು ವಯಸ್ಸಿನ ಗುರುತು ಹಾಕಲೇಬೇಕು. 13+ ಮತ್ತು ಅದಕ್ಕೂ ಮೇಲಿನವುಗಳಿಗೆ ಪೋಷಕರು ಲಾಕ್ ಹಾಕುವ ಸೌಲಭ್ಯ ಕೊಡಬೇಕು, ದೂರು ಕೇಳಲು ಅಧಿಕಾರಿಯೂ ಇರಬೇಕು. ಆ ಲಾಕ್ ಹಾಕುವ ಕೆಲಸ ಮಾತ್ರ ನಮ್ಮದೇ. ಮಕ್ಕಳಿರುವ ಮನೆಯಲ್ಲಿ ಇದನ್ನು ನಾಳೆಗೆ ಮುಂದೂಡಬೇಡಿ.

ಕೇಬಲ್ ತೆಗೆಸುವ ತೀರ್ಮಾನವನ್ನು ಬಿಲ್ ಕಟ್ಟುವವರೊಬ್ಬರೇ ಮಾಡುವುದು ಸರಿಯಲ್ಲ. ಚಾನೆಲ್ ನಂಬರ್ ಒತ್ತಿ ಧಾರಾವಾಹಿ ಹಾಕಿಕೊಳ್ಳುವ ಅಜ್ಜಿಗೆ ಆ್ಯಪ್, ಲಾಗಿನ್, ಓಟಿಪಿ ಎಲ್ಲವೂ ಹೊಸದು. ಒಂದು ತಿಂಗಳು ಎರಡನ್ನೂ ಇಟ್ಟುಕೊಂಡು ಯಾರು ಏನು ನೋಡುತ್ತಾರೆ ಎಂದು ಗಮನಿಸಿ. ಯಾವುದನ್ನು ಬಿಡಬೇಕು ಎಂಬುದು ಆಗ ತಾನಾಗಿಯೇ ತಿಳಿಯುತ್ತದೆ.