ಮನೆಯ ಸ್ಮಾರ್ಟ್ ಉಪಕರಣಗಳ ಏಕೀಕರಣ: ಒಂದು ಪ್ರವೇಶಿಕೆ

ಕೃಷ್ಣಾ ಮತ್ತು ಘಟಪ್ರಭಾ ನದಿಗಳ ನಡುವಣ ನಮ್ಮ ಸೀಮೆ 1947ರಲ್ಲಿ ಹಲವು ಆಳಿಕೆಗಳಲ್ಲಿ ಹಂಚಿಹೋಗಿತ್ತು. ಜಮಖಂಡಿ ಪಟವರ್ಧನರ ಸಂಸ್ಥಾನ, ಮುಧೋಳ ಘೋರ್ಪಡೆಯವರದು, ಬೀಳಗಿ ಬ್ರಿಟಿಷರ ವಿಜಾಪುರ ಜಿಲ್ಲೆಗೆ ಸೇರಿದುದು, ರಬಕವಿ ಸಾಂಗಲಿ ಸಂಸ್ಥಾನದ್ದಾದರೆ ಅದರ ಮಗ್ಗುಲ ಬನಹಟ್ಟಿ ಜಮಖಂಡಿಯದು. ಇಂದು ಇವೆಲ್ಲವೂ ಬಾಗಲಕೋಟೆ ಜಿಲ್ಲೆಯ ಊರುಗಳು. ರಬಕವಿ-ಬನಹಟ್ಟಿಗಳಿಗೆ ನಗರಸಭೆಯೂ ಒಂದೇ. ಈ ಏಕೀಕರಣವನ್ನು ತರಗತಿಯಲ್ಲಿ ವಿವರಿಸುತ್ತ ಬಂದ ನಮಗೆ ಈಚೆಗೆ ಅದೇ ಬಗೆಯ ಪ್ರಶ್ನೆಯೊಂದು ಮನೆಯೊಳಗೆ ಎದುರಾಯಿತು.

ಜಮಖಂಡಿಯ ನಮ್ಮ ಮನೆಯಲ್ಲಿ ನಾಲ್ಕು ತಯಾರಕರ ಸ್ಮಾರ್ಟ್ ಉಪಕರಣಗಳಿದ್ದವು: ಪಡಸಾಲೆಯ ದೀಪ, ಗೀಸರಿನ ಪ್ಲಗ್ಗು, ರಿಮೋಟಿನ ಪಂಖ, ಬಾಗಿಲ ಕ್ಯಾಮರಾ. ಒಂದೊಂದಕ್ಕೂ ಬೇರೆ ಆ್ಯಪ್, ಬೇರೆ ಗುಪ್ತಪದ. ಮಳೆಗಾಲದ ಒಂದು ಸಂಜೆ ಅಂತರ್ಜಾಲ ಕಡಿದುಹೋಯಿತು. ಪಡಸಾಲೆಯ ಗೋಡೆಯ ಸ್ವಿಚ್ಚನ್ನು ಆರಿಸಬಾರದೆಂದು ನಾವೇ ಅದರ ಮೇಲೆ ಪಟ್ಟಿ ಅಂಟಿಸಿದ್ದೆವು. ಮನೆಯಲ್ಲಿ ಒಬ್ಬರೇ ಇದ್ದ ನಮ್ಮ ತಾಯಿಯವರು ಆ ರಾತ್ರಿಯನ್ನು ಕತ್ತಲೆಯಲ್ಲಿಯೇ ಕಳೆದರು. ವಿದ್ಯುತ್ತು ಇತ್ತು, ದೀಪವೂ ಸರಿಯಾಗಿಯೇ ಇತ್ತು. ದೀಪ ಹೊತ್ತಿಸುವ ಅಧಿಕಾರ ಮಾತ್ರ ಮನೆಯಲ್ಲಿರಲಿಲ್ಲ. ಮಕ್ಕಳು ಬೆಂಗಳೂರು, ಪುಣೆಗಳಲ್ಲಿದ್ದು ಹಿರಿಯರು ಊರಿನಲ್ಲಿರುವ ಮನೆಗಳು ನಮ್ಮಲ್ಲಿ ಬಹಳ. ಆದುದರಿಂದ ಈ ವಿಷಯವನ್ನು ಮೊದಲಿನಿಂದ ವಿಚಾರಿಸಿ ತಿಳಿದುದನ್ನು ಇಲ್ಲಿ ನಿರೂಪಿಸಿದ್ದೇವೆ.

1. ಉಪಕರಣಗಳ ಭಾಷೆಗಳು

ಭಿನ್ನ ತಯಾರಕರ ಉಪಕರಣಗಳು ಕೂಡಿ ನಡೆಯದಿರಲು ಮುಖ್ಯ ಕಾರಣ ಭಾಷಾಭೇದ. ಕೆಲವು ವೈ-ಫೈ ಮೂಲಕ ಸಂಪರ್ಕಿಸುತ್ತವೆ. ಇವುಗಳಲ್ಲಿ ಹೆಚ್ಚಿನವು 2.4 ಗಿಗಾಹರ್ಟ್ಸ್ ಪಟ್ಟಿಯನ್ನಷ್ಟೇ ಬಲ್ಲವು. ಕೆಲವು ಜಿಗ್‌ಬೀ ಎಂಬ ಅಲ್ಪಶಕ್ತಿಯ ಜಾಲವನ್ನು ಬಳಸುತ್ತವೆ. ಅದರಲ್ಲಿ ಗೋಡೆಯ ವಿದ್ಯುತ್ತಿನಿಂದ ನಡೆಯುವ ಉಪಕರಣಗಳು ಒಂದರ ಸಂದೇಶವನ್ನು ಇನ್ನೊಂದಕ್ಕೆ ದಾಟಿಸುತ್ತವೆ. ಬ್ಯಾಟರಿಯಿಂದ ನಡೆಯುವವು ದಾಟಿಸುವುದಿಲ್ಲ. ದಪ್ಪ ಕಲ್ಲುಗೋಡೆಯ ಹಳೆಯ ಮನೆಗಳಲ್ಲಿ ನಡುವೆ ಒಂದೆರಡು ಜಿಗ್‌ಬೀ ಪ್ಲಗ್ಗುಗಳನ್ನು ಇಡುವುದು ಇದೇ ಕಾರಣದಿಂದ ಉಪಯುಕ್ತ. ಹವಾನಿಯಂತ್ರಕ, ದೂರದರ್ಶನಗಳ ರಿಮೋಟುಗಳು ಸಾಮಾನ್ಯವಾಗಿ ಅವಕೆಂಪು ಕಿರಣವನ್ನು ಬಳಸುತ್ತವೆ. ಇವು ಆಜ್ಞೆಯನ್ನು ಕೇಳುತ್ತವೆಯೇ ಹೊರತು ಮರಳಿ ಉತ್ತರ ಕೊಡುವುದಿಲ್ಲ.

ಈ ಗೊಂದಲವನ್ನು ನೀಗಲು ತಯಾರಕರೇ ಕೂಡಿ ರೂಪಿಸಿದ ಸಾಮಾನ್ಯ ಭಾಷೆಗೆ ಮ್ಯಾಟರ್ ಎಂದು ಹೆಸರು. ಅದರ ಮೊದಲ ಆವೃತ್ತಿ 2022ರ ಅಕ್ಟೋಬರಿನಲ್ಲಿ ಹೊರಬಂದಿತು. ಇದು ವೈ-ಫೈ ಮೇಲೆಯೂ ಥ್ರೆಡ್ ಎಂಬ ಅಲ್ಪಶಕ್ತಿಯ ಜಾಲದ ಮೇಲೆಯೂ ನಡೆಯುತ್ತದೆ. ಆಜ್ಞೆಗಳು ಮನೆಯ ಜಾಲದೊಳಗೇ ಸಂಚರಿಸಬಲ್ಲವು. ಹೊಸದಾಗಿ ಕೊಳ್ಳುವವರು ಪೆಟ್ಟಿಗೆಯ ಮೇಲೆ ಈ ಹೆಸರಿದೆಯೇ ಎಂದು ನೋಡಿ ಕೊಳ್ಳುವುದು ಲೇಸು. ಆದರೆ ಹಳೆಯವನ್ನು ಎಸೆಯಬೇಕಾಗಿಲ್ಲ.

2. ಕೇಂದ್ರದ ಸ್ಥಾನ

ಎಲ್ಲ ಭಾಷೆಗಳನ್ನೂ ಬಲ್ಲ ಒಂದು ಕೇಂದ್ರ ಬೇಕು. ಅದು ತಯಾರಕರ ದೂರದ ಗಣಕದಲ್ಲಿರಬಹುದು, ಇಲ್ಲವೆ ನಮ್ಮ ಮನೆಯ ಗಣಕದಲ್ಲಿರಬಹುದು. ಮೊದಲನೆಯದು ಸುಲಭ; ಆದರೆ ಅದರ ಆಯುಷ್ಯ ನಮ್ಮ ಕೈಯಲ್ಲಿಲ್ಲ. ಅಮೇರಿಕೆಯಲ್ಲಿ ರಿವಾಲ್ವ್ ಎಂಬ ಕೇಂದ್ರೋಪಕರಣದ ಸೇವೆಯನ್ನು 2016ರಲ್ಲಿ ನಿಲ್ಲಿಸಿದಾಗ, ಜನರು ಹಣ ಕೊಟ್ಟು ಕೊಂಡ ಪೆಟ್ಟಿಗೆಗಳು ನಿರುಪಯುಕ್ತವಾದವು. 2022ರ ಏಪ್ರಿಲಿನಲ್ಲಿ ಇನ್‌ಸ್ಟಿಯಾನ್ ಸಂಸ್ಥೆಯ ಸೇವೆ ಮುನ್ಸೂಚನೆಯಿಲ್ಲದೆ ನಿಂತುಹೋಯಿತು.

ಎರಡನೆಯ ಮಾರ್ಗಕ್ಕೆ ಹೆಸರಾದ ಉದಾಹರಣೆ ಹೋಮ್ ಅಸಿಸ್ಟೆಂಟ್. ಪೌಲಸ್ ಸ್ಖೌಟ್ಸನ್ ಎಂಬವರು 2013ರಲ್ಲಿ ಆರಂಭಿಸಿದ ಈ ಮುಕ್ತ ತಂತ್ರಾಂಶವು 2024ರಿಂದ ಓಪನ್ ಹೋಮ್ ಫೌಂಡೇಶನ್ನಿನ ಅಧೀನದಲ್ಲಿದೆ. ರಾಸ್ಪ್‌ಬೆರಿ ಪೈ ಎಂಬ ಅಂಗೈಯಗಲದ ಗಣಕದಲ್ಲಿ ಅಥವಾ ಮೂಲೆಗೆ ಸೇರಿದ ಹಳೆಯ ಗಣಕದಲ್ಲಿ ಇದನ್ನು ನಡೆಸಬಹುದು. ಜಿಗ್‌ಬೀ ಉಪಕರಣಗಳಿಗಾಗಿ ಒಂದು ಯು.ಎಸ್.ಬಿ. ಗ್ರಾಹಕವನ್ನೂ ರಿಮೋಟಿನ ಉಪಕರಣಗಳಿಗಾಗಿ ಒಂದು ಅವಕೆಂಪು ಪ್ರೇಷಕವನ್ನೂ ಜೋಡಿಸಿದರೆ ಸಾಕು.

3. ಸೇರ್ಪಡೆ ಮತ್ತು ವಿಲೀನ

ಇಲ್ಲಿ ಇತಿಹಾಸದ ವಿದ್ಯಾರ್ಥಿಗಳಿಗೆ ಪರಿಚಿತವಾದ ಭೇದವೊಂದನ್ನು ನೆನೆಯುವುದು ಉಪಯುಕ್ತ. 1947ರ ಸೇರ್ಪಡೆ ಪತ್ರಗಳಲ್ಲಿ ಸಂಸ್ಥಾನಗಳು ಕೇಂದ್ರಕ್ಕೆ ಒಪ್ಪಿಸಿದ್ದು ರಕ್ಷಣೆ, ವಿದೇಶ ವ್ಯವಹಾರ, ಸಂಪರ್ಕ ಎಂಬ ಮೂರು ವಿಷಯಗಳನ್ನು ಮಾತ್ರ. ಆಂತರಿಕ ಆಡಳಿತವೂ ಹೋಗಿ, ಜಮಖಂಡಿ, ಮುಧೋಳಗಳು ಮುಂಬಯಿ ಪ್ರಾಂತದಲ್ಲಿ ಕೂಡಿಹೋದ 1948ರ ಘಟನೆ ವಿಲೀನ. ಜನತೆಯ ಹಿತಕ್ಕೆ ಅಂದು ವಿಲೀನ ಅವಶ್ಯವಾಗಿತ್ತು. ಮನೆಯ ಉಪಕರಣಗಳಿಗಾದರೋ ಸೇರ್ಪಡೆಯಷ್ಟೇ ಸಾಕು, ವಿಲೀನ ಸಲ್ಲದು ಎಂಬುದು ನಮ್ಮ ಅಭಿಪ್ರಾಯ. ಉಪಕರಣವು ತನ್ನ ಸ್ಥಿತಿಯನ್ನು ಕೇಂದ್ರಕ್ಕೆ ತಿಳಿಸಲಿ, ಕೇಂದ್ರದ ಆಜ್ಞೆಯನ್ನು ಪಾಲಿಸಲಿ. ಆದರೆ ಕೇಂದ್ರ ಕೆಟ್ಟಾಗಲೂ ಗೋಡೆಯ ಗುಂಡಿ ಒತ್ತಿದವರಿಗೆ ಬೆಳಕು ಕೊಡುವ ಶಕ್ತಿಯನ್ನು ಅದು ಕಳೆದುಕೊಳ್ಳಕೂಡದು.

ಈ ದೃಷ್ಟಿಯಿಂದ ಸ್ಮಾರ್ಟ್ ಬಲ್ಬಿಗಿಂತ ಸ್ಮಾರ್ಟ್ ಸ್ವಿಚ್ಚು ಉತ್ತಮ. ಸ್ವಿಚ್ಚಿನ ಹಿಂದೆ ಕೂಡುವ ಚಿಕ್ಕ ರಿಲೇಯನ್ನು ಹಾಕಿಸಿದರೆ ಹಳೆಯ ಗುಂಡಿಯೂ ನಡೆಯುತ್ತದೆ, ಕೇಂದ್ರದ ಆಜ್ಞೆಯೂ ನಡೆಯುತ್ತದೆ. ಇಂತಹ ರಿಲೇಗಳಲ್ಲಿ ಹೆಚ್ಚಿನವುಗಳಿಗೆ ನ್ಯೂಟ್ರಲ್ ತಂತಿ ಬೇಕು. ಸಾಕೆಟ್ಟು ಇರುವ ಬೋರ್ಡುಗಳಲ್ಲಿ ಅದು ಇದ್ದೇ ಇರುತ್ತದೆ. ಬರಿಯ ಸ್ವಿಚ್ಚುಗಳ ಹಳೆಯ ಬೋರ್ಡುಗಳಲ್ಲಿ ಇಲ್ಲದಿರಬಹುದು. ಪರವಾನಿಗೆಯುಳ್ಳ ವಿದ್ಯುತ್ ಕೆಲಸಗಾರರಿಂದಲೇ ಪರೀಕ್ಷೆ ಮಾಡಿಸತಕ್ಕದ್ದು.

4. ಆರಂಭದ ಕ್ರಮ

ಮೊದಲು ಒಂದು ಯಾದಿಯನ್ನು ಬರೆಯಬೇಕು: ಉಪಕರಣ, ಅದರ ಸ್ಥಳ, ಅದರ ಭಾಷೆ, ಅಂತರ್ಜಾಲವಿಲ್ಲದೆ ಅದು ನಡೆಯುವುದೇ ಇಲ್ಲವೇ. ಜೋಡಣೆಯ ಸಂಕೇತಗಳನ್ನು ಅದೇ ಯಾದಿಯಲ್ಲಿ ಬರೆದಿಟ್ಟು ಭದ್ರವಾಗಿ ಕಾಯಬೇಕು. ಎರಡನೆಯದಾಗಿ, ರೌಟರನ್ನೂ ಕೇಂದ್ರದ ಗಣಕವನ್ನೂ ಇನ್ವರ್ಟರಿಗೆ ಜೋಡಿಸಬೇಕು. ಮೂರನೆಯದಾಗಿ, ಒಂದೇ ಕೋಣೆಯ ಎರಡು ಉಪಕರಣಗಳನ್ನು ಮಾತ್ರ ಕೇಂದ್ರಕ್ಕೆ ಸೇರಿಸಿ ಕೆಲವು ದಿನ ನೋಡಬೇಕು. ಅವು ಸ್ಥಿರವಾದ ಮೇಲೆ ಮುಂದಿನವನ್ನು ಸೇರಿಸುವುದು. ಉಪಕರಣಗಳಿಗೆ ಮನೆಯವರು ಆಡುವ ಹೆಸರುಗಳನ್ನೇ ಕೊಡಬೇಕು. “ಪಡಸಾಲಿ ದೀಪ” ಎಂಬುದು ಎಲ್ಲರಿಗೂ ತಿಳಿಯುತ್ತದೆ, ತಯಾರಕರ ಅಂಕಿ ಯಾರಿಗೂ ತಿಳಿಯದು. ಕೇಂದ್ರದ ವ್ಯವಸ್ಥೆಯ ಪ್ರತಿಯೊಂದನ್ನು ಬೇರೆಡೆ ಉಳಿಸಿಡುವುದೂ ಅವಶ್ಯ.

ಹೊರೆಯ ಲೆಕ್ಕವನ್ನು ಮರೆಯಬಾರದು. ನಮ್ಮ ಮನೆಗಳಿಗೆ ಬರುವ ವಿದ್ಯುತ್ತು 230 ವೋಲ್ಟಿನದು. 2000 ವಾಟಿನ ಗೀಸರು ಸುಮಾರು 8.7 ಆಂಪಿಯರನ್ನು ಎಳೆಯುತ್ತದೆ. 6 ಆಂಪಿಯರಿನ ಪ್ಲಗ್ಗಿಗೆ ಅದನ್ನು ಜೋಡಿಸಿದರೆ ಬೆಂಕಿಯ ಅಪಾಯ. ಗೀಸರಿಗೆ 16 ಆಂಪಿಯರಿನದೇ ಬೇಕು.

ಕೆಲವನ್ನು ಸೇರಿಸದಿರುವುದೇ ವಿವೇಕ. ರಬಕವಿ-ಬನಹಟ್ಟಿಯಲ್ಲಿ ಮನೆಗೆ ಹೊಂದಿಯೇ ವಿದ್ಯುತ್ ಮಗ್ಗಗಳಿರುವುದುಂಟು. ಮಗ್ಗದ ಮೋಟಾರನ್ನು ದೂರದಿಂದ ಚಾಲೂ ಮಾಡುವ ಏರ್ಪಾಡು ಕೂಡದು. ಆ ಕ್ಷಣಕ್ಕೆ ಅದರ ಬಳಿ ಯಾರ ಕೈ ಇದೆಯೆಂದು ಕೇಂದ್ರಕ್ಕೆ ತಿಳಿಯದು. ಕಬ್ಬಿನ ತೋಟದ ಪಂಪಿಗೆ ಹಾಕಿದ ಮೊಬೈಲ್ ಸ್ಟಾರ್ಟರ್ ತನ್ನ ಸಿಮ್ ಕಾರ್ಡಿನಿಂದ ಸ್ವತಂತ್ರವಾಗಿ ನಡೆಯುತ್ತದೆ. ಅದನ್ನು ಹಾಗೆಯೇ ಬಿಡುವುದು ಒಳಿತು.

5. ಕೊನೆಯ ಪರೀಕ್ಷೆ

ಎಲ್ಲವೂ ಸಿದ್ಧವಾದ ಮೇಲೆ ಒಂದು ಸಂಜೆ ಅಂತರ್ಜಾಲದ ತಂತಿಯನ್ನು ಬಿಡಿಸಿಡಬೇಕು. ಬಳಿಕ ಕೇಂದ್ರದ ಗಣಕವನ್ನೂ ಆರಿಸಬೇಕು. ಆಗ ಮನೆಯ ಹಿರಿಯರು ಯಾರನ್ನೂ ಕೇಳದೆ ದೀಪ ಹೊತ್ತಿಸಿ, ಪಂಖ ತಿರುಗಿಸಿ, ಬಾಗಿಲು ತೆರೆಯಬಲ್ಲರಾದರೆ ಏಕೀಕರಣವು ಸರಿಯಾಗಿ ಆಗಿದೆಯೆಂದು ತಿಳಿಯಬಹುದು. ನಮ್ಮ ಮನೆಯಲ್ಲಿ ಈ ಪರೀಕ್ಷೆ ಮೊದಲ ಸಲ ಪಂಖದಲ್ಲಿ ಸೋತಿತು, ಎರಡನೆಯ ಸಲ ಗೆದ್ದಿತು. ಸ್ವಿಚ್ಚಿನ ಮೇಲಿನ ಪಟ್ಟಿಯನ್ನು ಆ ದಿನವೇ ನಮ್ಮ ತಾಯಿಯವರು ಕಿತ್ತುಹಾಕಿದರು.